ಹೆಪ್ಪುಗಟ್ಟುವ ನೆಲಕ್ಕೆ ಚೆಲ್ಲಿದ ಡೀಸೆಲ್: ಬಯೋಪೈಲ್ ಕಟ್ಟಿ ಮಣ್ಣು ಶುದ್ಧಿ ಮಾಡುವ ಕ್ರಮ

ಮೈನಸ್ ಚಳಿಯ ಜಾಗದಲ್ಲಿ ಬ್ಯಾಕ್ಟೀರಿಯಾ ಡೀಸೆಲ್ ತಿನ್ನುತ್ತವೆಯೇ? ಎಷ್ಟು ಯೂರಿಯಾ ಹಾಕಬೇಕು? ಊರಿಂದಲೇ ‘ಎಣ್ಣೆ ತಿನ್ನುವ ಪುಡಿ’ ಒಯ್ದರೆ ಆಗದೇ? ಅಂಟಾರ್ಕ್ಟಿಕಾ ಯಾನಕ್ಕೆ ಹೊರಡುವವರು, ಅಲಾಸ್ಕದಲ್ಲೋ ಕೆನಡಾದ ಉತ್ತರದಲ್ಲೋ ಗಣಿ ಕೆಲಸಕ್ಕಿರುವವರು, ಲಡಾಖ್‌ನಲ್ಲಿ ಇಂಧನ ದಾಸ್ತಾನು ನೋಡಿಕೊಳ್ಳುವವರು ಪದೇ ಪದೇ ಕೇಳುವುದು ಈ ಮೂರನ್ನೇ. ಚುಟುಕಾಗಿ ಹೇಳುವುದಾದರೆ: ತಿನ್ನುತ್ತವೆ, ನೀವು ಅಂದುಕೊಂಡದ್ದಕ್ಕಿಂತ ಕಡಿಮೆ ಸಾಕು, ಒಯ್ಯಬೇಡಿ. ವಿವರ ಬೇಕಿದ್ದವರಿಗೆ ಈ ಲೇಖನ.

ಇಲ್ಲಿ ಹೇಳುವುದು ಹಗುರ ಇಂಧನಗಳ ಬಗ್ಗೆ: ಸೀಮೆಎಣ್ಣೆ, ಜೆಟ್ ಇಂಧನ, ಚಳಿಗಾಲದ ಡೀಸೆಲ್, ಅಂಟಾರ್ಕ್ಟಿಕಾ ಕೇಂದ್ರಗಳಲ್ಲಿ ಬಳಸುವ ವಿಶೇಷ ಡೀಸೆಲ್. ಸೋರಿಕೆಯ ಗಾತ್ರ ನೂರಾರು ಲೀಟರ್‌ನಿಂದ ಕೆಲವು ಹತ್ತು ಸಾವಿರ ಲೀಟರ್‌ವರೆಗೆ. 2020ರ ಮೇ ತಿಂಗಳಲ್ಲಿ ರಷ್ಯಾದ ನೊರಿಲ್ಸ್ಕ್ ಬಳಿ ಟ್ಯಾಂಕ್ ಕುಸಿದು ಸುಮಾರು 20,000 ಟನ್ ಡೀಸೆಲ್ ಹೊಳೆಗೆ ಹರಿದಂಥ ಅನಾಹುತಕ್ಕೆ ಇದು ಸಾಲದು. ಗೇರ್ ಎಣ್ಣೆ, ಎಂಜಿನ್ ಎಣ್ಣೆಯಂಥ ದಪ್ಪ ಎಣ್ಣೆಗೂ ಹೊಂದದು. ಚಳಿಯಲ್ಲಿ ಅದನ್ನು ತಿನ್ನಿಸಿ ಮುಗಿಸುತ್ತೇವೆಂದು ಕುಳಿತರೆ ನಿಮ್ಮ ನಿವೃತ್ತಿಯ ವಯಸ್ಸಾಗುತ್ತದೆ. ಅಂಥ ಮಣ್ಣನ್ನು ತುಂಬಿ ಹಡಗು ಹತ್ತಿಸುವುದೇ ಮೇಲು. ಹಳೆಯ ಕಸದ ಗುಂಡಿಯ ಮಣ್ಣಾಗಿದ್ದು ಬ್ಯಾಟರಿಯ ಸೀಸವೂ ಬೆರೆತಿದ್ದರೆ ಅದೂ ಹಡಗಿಗೇ. ಬ್ಯಾಕ್ಟೀರಿಯಾ ಲೋಹ ತಿನ್ನುವುದಿಲ್ಲ.

ಬಯೋಪೈಲ್ ಎಂದರೆ, ನಮ್ಮ ಮಾತಿನಲ್ಲಿ, ಗಾಳಿ ಕೊಳವೆ ಹಾಕಿದ ತಿಪ್ಪೆ. ಕೆಟ್ಟ ಮಣ್ಣನ್ನು ಅಗೆದು, ನೀರು ಸೋರದ ಹಾಳೆಯ ಮೇಲೆ ರಾಶಿ ಹಾಕಿ, ಹದವಾಗಿ ನೀರು, ಗೊಬ್ಬರ, ಗಾಳಿ ಕೊಟ್ಟು, ಮಣ್ಣಿನಲ್ಲೇ ಇರುವ ಸೂಕ್ಷ್ಮಜೀವಿಗಳಿಂದ ಎಣ್ಣೆಯನ್ನು ತಿನ್ನಿಸುವುದು. ಪರ್ತ್ ನಗರದಿಂದ ದಕ್ಷಿಣಕ್ಕೆ ಸುಮಾರು 3,900 ಕಿ.ಮೀ. ದೂರದಲ್ಲಿರುವ ಆಸ್ಟ್ರೇಲಿಯಾದ ಕೇಸಿ ಕೇಂದ್ರದಲ್ಲಿ 2010ರ ದಶಕದ ಆರಂಭದಿಂದ ಈ ಕ್ರಮ ನಡೆದುಬಂದಿದೆ. ಅಲ್ಲಿ ನಡು ಬೇಸಿಗೆಯ ಗಾಳಿಯೂ ಸೊನ್ನೆಯ ಆಸುಪಾಸಿನಲ್ಲೇ ಇರುತ್ತದೆ. ಆದರೆ ಬಿಸಿಲಿಗೆ ಬಿದ್ದ ಕಡು ಬಣ್ಣದ ಮಣ್ಣು ಅದಕ್ಕಿಂತ ಬೆಚ್ಚಗಿರುತ್ತದೆ. ಈ ವ್ಯತ್ಯಾಸವೇ ನಿಮ್ಮ ಬಂಡವಾಳ.

ಇನ್ನೆರಡು ಪದ ಗೊತ್ತಿರಲಿ. ಪರ್ಮಾಫ್ರಾಸ್ಟ್ ಎಂದರೆ ಎರಡು ವರ್ಷ ಅಥವಾ ಹೆಚ್ಚು ಕಾಲ ಸತತವಾಗಿ ಸೊನ್ನೆ ಡಿಗ್ರಿಗಿಂತ ಮೇಲೇರದ ನೆಲ. ಅದರ ಮೇಲೆ ಪ್ರತಿ ಬೇಸಿಗೆಯಲ್ಲಿ ಕರಗಿ ಚಳಿಗಾಲದಲ್ಲಿ ಮತ್ತೆ ಗಟ್ಟಿಯಾಗುವ ಪದರವನ್ನು ಇಲ್ಲಿ ಕರಗುಪದರ ಎನ್ನುತ್ತೇನೆ. ಎಣ್ಣೆ ಹೆಚ್ಚಾಗಿ ನಿಲ್ಲುವುದು ಈ ಕರಗುಪದರದ ತಳದಲ್ಲಿ. ಆದರೆ ಕೆಳಗಿನ ಹೆಪ್ಪುನೆಲವನ್ನು ಕಾಂಕ್ರೀಟ್ ಎಂದುಕೊಳ್ಳಬೇಡಿ. ಬಿರುಕಿದ್ದರೆ, ಇಲ್ಲವೇ ಜಲ್ಲಿಯ ಸಂದುಗಳಲ್ಲಿ ಮಂಜುಗಡ್ಡೆ ತುಂಬಿರದಿದ್ದರೆ, ಎಣ್ಣೆ ಅದರೊಳಕ್ಕೂ ಇಳಿಯುತ್ತದೆ.

1. ಮೊದಲು ಕಾಗದ, ಆಮೇಲೆ ಗುದ್ದಲಿ

ಅಂಟಾರ್ಕ್ಟಿಕಾದಲ್ಲಾದರೆ 1991ರಲ್ಲಿ ಸಹಿಯಾಗಿ 1998ರಿಂದ ಜಾರಿಯಲ್ಲಿರುವ ಮ್ಯಾಡ್ರಿಡ್ ಪರಿಸರ ಒಡಂಬಡಿಕೆ ನಿಮಗೆ ಅನ್ವಯಿಸುತ್ತದೆ. ಭಾರತದ ಮೈತ್ರಿ ಮತ್ತು ಭಾರತಿ ಕೇಂದ್ರಗಳವರಿಗೆ ಅದರ ಜೊತೆಗೆ 2022ರ ಭಾರತೀಯ ಅಂಟಾರ್ಕ್ಟಿಕಾ ಕಾಯ್ದೆಯೂ ಇದೆ. ಶುದ್ಧಿ ಕೆಲಸವೂ ಒಂದು ಚಟುವಟಿಕೆಯೇ. ಅದರಿಂದ ಪರಿಸರಕ್ಕೆ ಏನಾಗುತ್ತದೆಂದು ಮೊದಲೇ ಬರೆದು ಒಪ್ಪಿಗೆ ಪಡೆಯಬೇಕು. ಅಂಟಾರ್ಕ್ಟಿಕಾ ಒಪ್ಪಂದದ ದೇಶಗಳು 2013ರಲ್ಲಿ ಒಪ್ಪಿದ ಶುದ್ಧೀಕರಣ ಕೈಪಿಡಿಯೊಂದಿದೆ, ಅದನ್ನು ಓದಿಕೊಂಡು ಹೋಗಿ. ಆ ಒಡಂಬಡಿಕೆಯೇ ಹೊರಗಿನ ಜೀವಿಗಳನ್ನು ತರುವುದನ್ನು ತಡೆಯುವುದರಿಂದ ಪೊಟ್ಟಣದ ಬ್ಯಾಕ್ಟೀರಿಯಾದ ಮಾತು ಅಲ್ಲಿಗೆ ಮುಗಿಯಿತು. ಅದು ಬೇಕಾಗಿಯೂ ಇಲ್ಲ. ಎಣ್ಣೆ ಬಿದ್ದು ಒಂದೆರಡು ಬೇಸಿಗೆ ಕಳೆದ ಮಣ್ಣಿನಲ್ಲಿ ಆ ಚಳಿಗೆ ಒಗ್ಗಿದ, ಎಣ್ಣೆ ತಿನ್ನುವ ಜೀವಿಗಳು ತಾವಾಗಿಯೇ ಹೆಚ್ಚಿರುತ್ತವೆ. ಅವಕ್ಕೆ ಕೊರತೆ ಇರುವುದು ನೀರು, ಸಾರಜನಕ ಮತ್ತು ಗಾಳಿಯದು.

ಎಷ್ಟು ಶುದ್ಧವಾದರೆ ಸಾಕು ಎಂಬುದೂ ಮೊದಲೇ ತೀರ್ಮಾನವಾಗಬೇಕು. ಕೆನಡಾದಲ್ಲಿ ಇಂಗಾಲದ ಸರಪಳಿಯ ಉದ್ದ ನೋಡಿ ನಾಲ್ಕು ಭಾಗ ಮಾಡಿ ಪ್ರತಿಯೊಂದಕ್ಕೂ ಮಿತಿ ಇಟ್ಟಿದ್ದಾರೆ. ಅಲಾಸ್ಕದಲ್ಲಿ ಪೆಟ್ರೋಲ್, ಡೀಸೆಲ್, ದಪ್ಪ ಎಣ್ಣೆ ಎಂದು ಮೂರು. ಅಂಟಾರ್ಕ್ಟಿಕಾಕ್ಕೆ ಎಲ್ಲರಿಗೂ ಸಲ್ಲುವ ಒಂದೇ ಅಂಕಿ ಇಲ್ಲ, ಆಯಾ ಜಾಗಕ್ಕೆ ನಿಗದಿ ಮಾಡಬೇಕು. ಗುರಿ ಬರೆದಿಡದೆ ಶುರು ಮಾಡಿದವರು ನಾಲ್ಕನೇ ವರ್ಷ ‘ಇನ್ನೂ ಎಷ್ಟು’ ಎಂದು ಜಗಳಾಡುತ್ತಾರೆ.

2. ಕರಗುನೀರನ್ನು ತಿರುಗಿಸಿ

ಚೆಲ್ಲಿದ ಎಣ್ಣೆ ಚಳಿಗಾಲದಲ್ಲಿ ಹೆಚ್ಚು ಓಡಾಡುವುದಿಲ್ಲ. ಹಿಮ ಕರಗುವ ಮೊದಲ ಎರಡು ಮೂರು ವಾರಗಳಲ್ಲಿ ನೀರಿನ ಜೊತೆ ಹೊರಡುತ್ತದೆ. ಆದ್ದರಿಂದ ಕರಗುವ ಮೊದಲೇ ಮೇಲ್ಗಡೆ ಜಮೆಯಾದ ಹಿಮವನ್ನು ತೆಗೆದು ದೂರ ಹಾಕಿ, ಒಂದು ಹರಿಗಾಲುವೆ ತೋಡಿ ಶುದ್ಧ ನೀರು ಕೆಟ್ಟ ಜಾಗವನ್ನು ಬಳಸಿ ಹೋಗುವಂತೆ ಮಾಡಿ. ಕೆಳಗಡೆ ಎಣ್ಣೆ ಹೀರುವ ಉದ್ದನೆಯ ದಿಂಬುಗಳನ್ನು ಅಡ್ಡ ಹಾಕಿ. ಎಣ್ಣೆ ಹೀರಿ ನೀರು ಬಿಡುವ ಬಗೆಯದ್ದೇ ಆಗಬೇಕು. ಎಲ್ಲವನ್ನೂ ಹೀರುವ ಬಗೆಯದು ಅರ್ಧ ಗಂಟೆಯಲ್ಲಿ ನೀರು ಕುಡಿದು ಮುಳುಗುತ್ತದೆ.

ಕೆಲಸ ಹಲವು ವರ್ಷದ್ದಾದರೆ ಹರಿವಿಗೆ ಅಡ್ಡಲಾಗಿ ನೀರು ಜಿನುಗಿ ಹೋಗುವ ಸೋಸು ಗೋಡೆ ಕಟ್ಟಬಹುದು. ಕೇಸಿಯಲ್ಲಿ 2005-06ರ ಬೇಸಿಗೆಯಲ್ಲಿ ಇಂಥದೊಂದನ್ನು ನೆಲದಲ್ಲಿ ಹೂತರು. ಹರಳು ರೂಪದ ಸಕ್ರಿಯ ಇಂಗಾಲ ಎಣ್ಣೆಯನ್ನು ಹಿಡಿಯುತ್ತದೆ, ನಿಧಾನ ಗೊಬ್ಬರ ಅಲ್ಲಿನ ಬ್ಯಾಕ್ಟೀರಿಯಾಕ್ಕೆ ಊಟ ಕೊಡುತ್ತದೆ, ಜಿಯೋಲೈಟ್ ಎಂಬ ಖನಿಜ ಹೆಚ್ಚಾದ ಅಮೋನಿಯವನ್ನು ಹಿಡಿದು ಕೆಳಗಿನ ಸಮುದ್ರಕ್ಕೆ ಹೋಗದಂತೆ ತಡೆಯುತ್ತದೆ.

3. ಮಾದರಿ ತೆಗೆಯಿರಿ

ಐದು ಅಥವಾ ಹತ್ತು ಮೀಟರ್ ಚೌಕಗಳಾಗಿ ನೆಲವನ್ನು ಗುರುತು ಹಾಕಿಕೊಳ್ಳಿ. ಪ್ರತಿ ಚೌಕದಲ್ಲಿ ಕರಗುಪದರದ ತಳದವರೆಗೆ ಹೋಗಬೇಕು. ಮೇಲ್ಮೈಯ ಮಣ್ಣಿನಲ್ಲಿ ಹಗುರ ಭಾಗ ಆವಿಯಾಗಿ ಹೋಗಿರುವುದರಿಂದ ಮೇಲೆ ಮಾತ್ರ ತೆಗೆದರೆ ಕಡಿಮೆ ಅಂಕಿ ಬಂದು ಮೋಸ ಹೋಗುತ್ತೀರಿ.

ಸ್ಥಳದಲ್ಲೇ ಅಂದಾಜಿಸಲು ಪಿಐಡಿ ಎಂಬ ಕೈಯಂತ್ರ ಸಿಗುತ್ತದೆ. ಅದು ಇಂಧನದ ಆವಿಯನ್ನು ಅಳೆಯುತ್ತದೆ. ತಪ್ಪಾಗುವುದು ಇಲ್ಲೇ: ಹೆಪ್ಪುಗಟ್ಟಿದ ಮಣ್ಣಿಗೆ ಯಂತ್ರ ಹಿಡಿದರೆ ಆವಿಯೇ ಏಳದೆ ಸೊನ್ನೆ ತೋರಿಸುತ್ತದೆ. ಮಣ್ಣನ್ನು ಜಿಪ್ ಚೀಲಕ್ಕೆ ಅರ್ಧ ತುಂಬಿ, ಮುಚ್ಚಿ, ಬೆಚ್ಚಗಿನ ಕೋಣೆಯಲ್ಲಿ 15-20 ಡಿಗ್ರಿಗೆ ಬರುವವರೆಗೆ ಇಟ್ಟು, ಕುಲುಕಿ, ಆಮೇಲೆ ಚೀಲದೊಳಗಿನ ಗಾಳಿ ಅಳೆಯಿರಿ. ಎಲ್ಲ ಮಾದರಿಗೂ ಅದೇ ಶಾಖ, ಅಷ್ಟೇ ಹೊತ್ತು.

ಪ್ರಯೋಗಾಲಯಕ್ಕೆ ಹೋಗುವುದನ್ನು ಗಾಜಿನ ಬಾಟಲಿಯಲ್ಲಿ ಕಂಠದವರೆಗೆ ತುಂಬಿ ಕೂಡಲೇ ಫ್ರೀಜರ್‌ಗೆ ಹಾಕಿ (ಹೆಪ್ಪುಗಟ್ಟುವಾಗ ಒದ್ದೆ ಮಣ್ಣು ಹಿಗ್ಗುವುದರಿಂದ ತೀರಾ ನೀರಾಗಿದ್ದರೆ ಬೆರಳಗಲ ಜಾಗ ಬಿಡಿ). ವರ್ಷಕ್ಕೆ ಒಂದೆರಡು ಸಲ ಮಾತ್ರ ಹಡಗು ಬರುವ ಜಾಗದಲ್ಲಿ ಫ್ರಿಜ್‌ನಲ್ಲಿಟ್ಟ ಮಾದರಿ ತಲುಪುವ ಹೊತ್ತಿಗೆ ಬೇರೆಯೇ ಆಗಿರುತ್ತದೆ. ಹತ್ತಕ್ಕೊಂದರಂತೆ ಜೋಡಿ ಮಾದರಿ ಇರಲಿ.

ವರದಿ ಬಂದಾಗ ಎರಡು ವಿಷಯ ಕೇಳಿ. ಒಂದು, ಅಂಕಿ 2 ಮಿ.ಮೀ.ಗಿಂತ ಸಣ್ಣ ಮಣ್ಣಿಗೋ, ಕಲ್ಲು ಸಮೇತ ಇಡೀ ಮಣ್ಣಿಗೋ? ಅರ್ಧಕ್ಕರ್ಧ ಕಲ್ಲಿರುವ ನೆಲದಲ್ಲಿ ಇದರಿಂದಲೇ ಲೆಕ್ಕ ದುಪ್ಪಟ್ಟಾಗುತ್ತದೆ. ಎರಡು, ಆರ್ಕ್ಟಿಕ್‌ನ ಪಾಚಿ ತುಂಬಿದ ಕರಿ ಮಣ್ಣಾದರೆ ಸಿಲಿಕಾ ಜೆಲ್‌ನಲ್ಲಿ ಸೋಸಿ ಅಳೆದರೋ? ಸೋಸದಿದ್ದರೆ ಕೊಳೆತ ಸಸ್ಯದ ಮೇಣವೂ ಇಂಧನವೆಂದೇ ಲೆಕ್ಕಕ್ಕೆ ಬರುತ್ತದೆ. ಎಣ್ಣೆಯನ್ನೇ ಕಾಣದ ಜಾಗದಿಂದ ಒಂದೆರಡು ಮಾದರಿ ಸೇರಿಸಿದರೆ ಇದು ಬಯಲಾಗುತ್ತದೆ.

4. ಅಗೆತ

ಹೆಪ್ಪುನೆಲವನ್ನು ಒಡೆಯುವ ಯಂತ್ರ ತಂದು ಗುದ್ದುವುದಕ್ಕಿಂತ ಬಿಸಿಲಿಗೆ ಬಿಡಿ. ಕರಗಿದಷ್ಟು ಮೇಲ್ಪದರವನ್ನು ಕೆರೆದು ತೆಗೆಯಿರಿ, ಮರುದಿನ ಇನ್ನಷ್ಟು ಕರಗುತ್ತದೆ, ಮತ್ತೆ ಕೆರೆಯಿರಿ. ನಿಧಾನ ನಿಜ, ಆದರೆ ಹೆಂಟೆಗಳು ಬರುವುದಿಲ್ಲ. ಗಟ್ಟಿ ಹೆಂಟೆ ರಾಶಿಯೊಳಗೆ ಸೇರಿದರೆ ಬೇಸಿಗೆಯಿಡೀ ಕರಗದೆ, ಗಾಳಿಯೂ ಗೊಬ್ಬರವೂ ಒಳಹೋಗದೆ ಹಾಗೇ ಕೂರುತ್ತದೆ.

ಸಸ್ಯವಿರುವ ಆರ್ಕ್ಟಿಕ್ ಬಯಲಲ್ಲಿ ಅಗೆಯುವ ಮೊದಲು ಎರಡು ಸಲ ಯೋಚಿಸಿ. ಆ ಪಾಚಿಯ ಹೊದಿಕೆಯೇ ಕೆಳಗಿನ ಮಂಜುಗಡ್ಡೆಗೆ ಕಂಬಳಿ. ಅದನ್ನು ಕಿತ್ತರೆ ಕೆಳಗಿನದು ಕರಗಿ ನೆಲ ಕುಸಿದು ಹೊಂಡವಾಗುತ್ತದೆ. ಸೋರಿಕೆಗಿಂತ ದುರಸ್ತಿಯೇ ದೊಡ್ಡ ಹಾನಿ ಮಾಡಿದಂತೆ. ಅಲ್ಲಿ ನೆಲದಲ್ಲೇ ಗೊಬ್ಬರ, ಗಾಳಿ ಕೊಡುವ ದಾರಿ ನೋಡಿ. ಜಲ್ಲಿ ಹಾಸಿದ ಅಂಗಳವಾದರೆ ಟ್ರ್ಯಾಕ್ಟರ್ ಹಿಂದೆ ರೋಟವೇಟರ್ ಕಟ್ಟಿ ಉಳುವ ಕ್ರಮವೂ ಇದೆ. ಕೆನಡಾದ ರೆಸಲ್ಯೂಷನ್ ದ್ವೀಪದಲ್ಲಿ ಇದನ್ನು ಪರೀಕ್ಷಿಸಿದಾಗ ಬರೀ ಉಳುಮೆಯಲ್ಲಿ ಹೆಚ್ಚಿನ ಎಣ್ಣೆ ಆವಿಯಾಗಿಯೇ ಹೋಯಿತು, ಗೊಬ್ಬರ ಸೇರಿಸಿದಾಗ ಜೀವಿಗಳ ಪಾಲು ಹೆಚ್ಚಿತು.

ಅಗೆದ ಮಣ್ಣನ್ನು 100 ಮಿ.ಮೀ. ಜರಡಿಗೆ ಹಾಕಿ ದೊಡ್ಡ ಕಲ್ಲುಗಳನ್ನು ಬೇರ್ಪಡಿಸಿ. ಅಗೆದ ಮೇಲೆ ಮಣ್ಣು ಶೇ 20-30ರಷ್ಟು ಉಬ್ಬುತ್ತದೆ, ಆದ್ದರಿಂದ ತಳದ ಹಾಳೆಯ ಅಳತೆಯನ್ನು ಗುಂಡಿಯ ಗಾತ್ರ ನೋಡಿ ಹೇಳಿ ತರಿಸಬೇಡಿ. ಗುಂಡಿಯೊಳಗೆ ಇಳಿಯುವವರಿಗೆ ಆವಿಯ ಎಚ್ಚರಿಕೆ ಕೊಡುವ ಯಂತ್ರ ಕಡ್ಡಾಯ. ಚಳಿಯಲ್ಲಿ ಮೂಗು ಕೆಲಸ ಮಾಡುವುದಿಲ್ಲ.

5. ತಳ ಕಟ್ಟುವುದು

ಹಿಮ ಗುಡ್ಡೆ ಕಟ್ಟದ, ಕರಗುನೀರಿನ ದಾರಿಯಲ್ಲದ, ಬಿಸಿಲು ಬೀಳುವ ಸಮತಟ್ಟು ಜಾಗ ಆರಿಸಿ. ಶೇ 1-2ರಷ್ಟು ಇಳಿಜಾರು, ತಗ್ಗಿನ ತುದಿಯಲ್ಲಿ ಬಸಿನೀರಿನ ಗುಂಡಿ, ಸುತ್ತ 30-50 ಸೆಂ.ಮೀ. ಬದು. ಕೆಳಗಿನಿಂದ ಮೇಲಕ್ಕೆ ಪದರಗಳು ಹೀಗೆ:

ಚೂಪು ಕಲ್ಲು ಆರಿಸಿ ತೆಗೆದ ಸಣ್ಣ ಮರಳು. ಅದರ ಮೇಲೆ ಬೆಂಟೊನೈಟ್ ಜೇಡಿ ತುಂಬಿದ ಚಾಪೆ. ಅದಕ್ಕೆ ಒತ್ತಿದಂತೆ 1.5 ಮಿ.ಮೀ. ದಪ್ಪದ ಎಚ್‌ಡಿಪಿಇ ಎಂಬ ಗಟ್ಟಿ ಪ್ಲಾಸ್ಟಿಕ್ ಹಾಳೆ, ಹಾಳೆ ತೂತಾಗದಂತೆ ದಪ್ಪ ಜಿಯೋಟೆಕ್ಸ್‌ಟೈಲ್ ಬಟ್ಟೆ, 20-30 ಸೆಂ.ಮೀ. ಜಲ್ಲಿ, ಅದರೊಳಗೆ ತೂತಿನ ಕೊಳವೆಗಳು. ಆಮೇಲೆ ಕೆಟ್ಟ ಮಣ್ಣು.

ಬೆಂಟೊನೈಟ್ ಚಾಪೆಯ ಗುಟ್ಟು ಅದು ನೀರು ಕುಡಿದು ಊದಿಕೊಂಡಾಗ ಮಾತ್ರ ಸೋರಿಕೆ ತಡೆಯುತ್ತದೆ ಎಂಬುದು. ಒಣ ಚಾಪೆಯನ್ನು ಮೊದಲು ಡೀಸೆಲ್ ಮುಟ್ಟಿದರೆ ಅದು ಸರಿಯಾಗಿ ಊದುವುದೇ ಇಲ್ಲ. ಹಾಸಿದ ಕೂಡಲೇ ಶುದ್ಧ ನೀರು ಚಿಮುಕಿಸಿ, ಹಾಳೆ ಮುಚ್ಚಿ, ಮೇಲೆ ಭಾರ ಹೇರಿ.

ಎಚ್‌ಡಿಪಿಇ ಹಾಳೆ ಚಳಿಗೆ ಕುಗ್ಗುತ್ತದೆ. ಮಧ್ಯಾಹ್ನದ ಬಿಸಿಲಲ್ಲಿ ಬಿಗಿಯಾಗಿ ಎಳೆದು ಹಾಸಿದ್ದು ಅಂಟಾರ್ಕ್ಟಿಕಾದ ಚಳಿಗಾಲವಾದ ಜುಲೈ ತಿಂಗಳ ಕತ್ತಲಲ್ಲಿ ಬೆಸುಗೆಯ ಬಳಿ ಕಿತ್ತುಬರುತ್ತದೆ. ಸ್ವಲ್ಪ ಸಡಿಲ ಬಿಡಿ. ಬೆಸುಗೆ ಹಾಕುವಾಗ ಗಾಳಿಗೆ ಡೇರೆ ಅಡ್ಡ ಕಟ್ಟಿ, ಮೊದಲು ತುಂಡು ಹಾಳೆಯ ಮೇಲೆ ಪರೀಕ್ಷಿಸಿ ಎಳೆದು ನೋಡಿ. ಸಾಧ್ಯವಾದರೆ ಊರಲ್ಲೇ ಬೆಸೆದ ದೊಡ್ಡ ಹಾಳೆಗಳನ್ನು ತರಿಸಿ. ಕೊಳವೆಗೆ ಸಾಮಾನ್ಯ ಪಿವಿಸಿ ಬೇಡ, ಚಳಿಗೆ ಗಾಜಿನಂತೆ ಒಡೆಯುತ್ತದೆ. 50-100 ಮಿ.ಮೀ. ಎಚ್‌ಡಿಪಿಇ ಕೊಳವೆ ತನ್ನಿ.

6. ನೀರು, ಗೊಬ್ಬರದ ಲೆಕ್ಕ

ಹೆಚ್ಚಿನ ಬಯೋಪೈಲ್‌ಗಳು ಕೆಡುವುದು ಈ ಹಂತದಲ್ಲಿ. ಅದೂ ಗೊಬ್ಬರ ಕಡಿಮೆಯಾಗಿ ಅಲ್ಲ, ಹೆಚ್ಚಾಗಿ.

ಕೈಪಿಡಿಗಳಲ್ಲಿ ಇಂಗಾಲ, ಸಾರಜನಕ, ರಂಜಕ 100:10:1 ಎಂಬ ಸೂತ್ರ ಸಿಗುತ್ತದೆ. ಎಷ್ಟು ಎಣ್ಣೆಯೋ ಅದಕ್ಕೆ ತಕ್ಕ ಗೊಬ್ಬರ ಎಂಬ ಲೆಕ್ಕ. ಕಪ್ಪು ಜೇಡಿ ನೆಲಕ್ಕೆ ಇದು ನಡೆಯಬಹುದು. ಧ್ರುವ ಪ್ರದೇಶದ ಮರಳು ಜಲ್ಲಿ ನೆಲದಲ್ಲಿ ನಡೆಯುವುದಿಲ್ಲ. ಗೊಬ್ಬರ ಕರಗಿ ನಿಲ್ಲುವುದು ಮಣ್ಣಿನಲ್ಲಲ್ಲ, ಮಣ್ಣಿನ ಸಂದುಗಳ ನೀರಿನಲ್ಲಿ. ಅಲ್ಲಿರುವ ನೀರೇ ಸ್ವಲ್ಪ. ಆ ನೀರು ಉಪ್ಪುಪ್ಪಾದರೆ ಬ್ಯಾಕ್ಟೀರಿಯಾ ನೀರು ಹೀರಲಾರದೆ ಸುಮ್ಮನಾಗುತ್ತವೆ. ಮಳೆಯಿಲ್ಲದಾಗ ಯೂರಿಯಾ ಎರಚಿ ಪೈರು ಸುಟ್ಟುಹೋದದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪ್ರಯೋಗಗಳಿಂದ ಗೊತ್ತಾದ ಅಂದಾಜು ಗಡಿ: ಮಣ್ಣಿನಲ್ಲಿರುವ ಒಂದು ಕಿಲೋ ನೀರಿಗೆ ಸುಮಾರು 2,000 ಮಿ.ಗ್ರಾಂ. ಸಾರಜನಕ. ಅದನ್ನು ದಾಟಿದರೆ ಜೀವಿಗಳು ಎಣ್ಣೆ ತಿನ್ನುವ ವೇಗ ಇಳಿಯತೊಡಗುತ್ತದೆ. 1,500ಕ್ಕೆ ಗುರಿ ಇಟ್ಟುಕೊಳ್ಳಿ.

ಲೆಕ್ಕ ಮಾಡೋಣ. 100 ಘನ ಮೀಟರ್ ರಾಶಿ. ಘನ ಮೀಟರಿಗೆ 1.7 ಟನ್‌ನಂತೆ 170 ಟನ್ ಒಣ ಮಣ್ಣು. ಕಿಲೋಗೆ 5,000 ಮಿ.ಗ್ರಾಂ. ಇಂಧನವಿದ್ದರೆ ಒಟ್ಟು 850 ಕಿಲೋ ಇಂಧನ. ತೇವ ಶೇ 8, ಅಂದರೆ ಕಿಲೋ ಮಣ್ಣಿಗೆ 80 ಗ್ರಾಂ ನೀರು.

ಸೂತ್ರದ ಪ್ರಕಾರ ಹೋದರೆ: ಇಂಧನದಲ್ಲಿ ಶೇ 85ರಷ್ಟು ಇಂಗಾಲ, ಅಂದರೆ ಸುಮಾರು 720 ಕಿಲೋ. ಅದರ ಹತ್ತನೇ ಒಂದು ಭಾಗ 72 ಕಿಲೋ ಸಾರಜನಕ, ಸುಮಾರು 157 ಕಿಲೋ ಯೂರಿಯಾ. ಕಿಲೋ ಮಣ್ಣಿಗೆ 425 ಮಿ.ಗ್ರಾಂ., ಅಂದರೆ ಕಿಲೋ ನೀರಿಗೆ 5,300 ಮಿ.ಗ್ರಾಂ. ಗಡಿಯ ಎರಡೂವರೆ ಪಟ್ಟು.

ನೀರಿನ ಪ್ರಕಾರ ಹೋದರೆ: 1,500ನ್ನು 0.08ರಿಂದ ಗುಣಿಸಿದರೆ ಕಿಲೋ ಮಣ್ಣಿಗೆ 120 ಮಿ.ಗ್ರಾಂ. ಇಡೀ ರಾಶಿಗೆ 20.4 ಕಿಲೋ ಸಾರಜನಕ. ರಂಜಕ ಅದರ ಹತ್ತನೇ ಒಂದು ಭಾಗ, 2 ಕಿಲೋ. ಡಿಎಪಿ ಗೊಬ್ಬರದಲ್ಲಿ ಶೇ 18 ಸಾರಜನಕ, ಶೇ 20 ರಂಜಕ (ಚೀಲದ ಮೇಲೆ 46 ಎಂದಿರುವುದು ರಂಜಕದ ಆಕ್ಸೈಡ್ ಲೆಕ್ಕ, ಮೋಸ ಹೋಗಬೇಡಿ). ಆದ್ದರಿಂದ 10 ಕಿಲೋ ಡಿಎಪಿ, ಉಳಿದ ಸಾರಜನಕಕ್ಕೆ 40 ಕಿಲೋ ಯೂರಿಯಾ. ಅಷ್ಟೇ. ಮಣ್ಣಿನಲ್ಲಿ ಮೊದಲೇ ಸಾರಜನಕವಿದ್ದರೆ, ಉದಾಹರಣೆಗೆ ಪೆಂಗ್ವಿನ್ ಹಿಕ್ಕೆಯದು, ಅದನ್ನು ಕಳೆಯಿರಿ. ಇಂಧನಕ್ಕೆ ಇಷ್ಟು ಗೊಬ್ಬರ ಸಾಲದಲ್ಲ ಎಂದರೆ, ಸಾಲದು. ಖಾಲಿಯಾದ ಮೇಲೆ ಮರು ಬೇಸಿಗೆ ಮತ್ತೆ ಇಷ್ಟೇ ಕೊಡಿ.

ಹಾಗಾದರೆ ನೀರೆಷ್ಟು ಎಂಬುದೇ ಮೊದಲ ಅಳತೆ. ಅರ್ಧ ಕಿಲೋ ಮಣ್ಣು ತೂಗಿ, 105 ಡಿಗ್ರಿಯಲ್ಲಿ 24 ಗಂಟೆ ಒಣಗಿಸಿ, ಮತ್ತೆ ತೂಗಿ. ಇಂಧನವೂ ಸ್ವಲ್ಪ ಆವಿಯಾಗುವುದರಿಂದ ತೇವ ಚೂರು ಹೆಚ್ಚೇ ತೋರಿಸುತ್ತದೆ. ಈ ಒಲೆಯನ್ನು ಅಡುಗೆಮನೆಯಲ್ಲಿ ಇಡಬೇಡಿ. ಮಣ್ಣು ನೀರು ಸುರಿದು ಬಸಿದ ಮೇಲೆ ಹಿಡಿದಿಟ್ಟುಕೊಳ್ಳುವ ತೇವದ ಅರ್ಧದಿಂದ ಮುಕ್ಕಾಲು ಭಾಗ ಇದ್ದರೆ ಹದ. ಒರಟು ಮರಳಿಗೆ ಅದು ಶೇ 6-9ರ ಸುತ್ತ ಬರುತ್ತದೆ. ಮೇಲಿನ ರಾಶಿಯಲ್ಲಿ ತೇವ ಶೇ 5 ಮಾತ್ರ ಇದ್ದರೆ ಅದನ್ನು 8ಕ್ಕೆ ಏರಿಸಲು 5,100 ಲೀಟರ್ ನೀರು ಬೇಕು. ಹಿಮ ಕರಗಿಸಿ ಮಾಡುತ್ತೇನೆಂದರೆ ಶಾಖ ಒಂದಿಷ್ಟೂ ಪೋಲಾಗದಿದ್ದರೂ ಸುಮಾರು 47 ಲೀಟರ್ ಡೀಸೆಲ್ ಸುಡಬೇಕು. ಡೀಸೆಲ್ ತೊಳೆಯಲು ಡೀಸೆಲ್! ಬೇಸಿಗೆಯ ಕರಗುನೀರನ್ನು ಟ್ಯಾಂಕಿನಲ್ಲಿ ಹಿಡಿದಿಡಿ.

ಇನ್ನು ಮುಖ್ಯ ಅಪಾಯ. ಸರಿಯಾಗಿ 120 ಮಿ.ಗ್ರಾಂ. ಹಾಕಿದ್ದೀರಿ ಎನ್ನಿ. ಅಂಟಾರ್ಕ್ಟಿಕಾದ ಒಣ ಗಾಳಿ ಬೀಸಿ ತೇವ ಶೇ 8ರಿಂದ 4ಕ್ಕೆ ಇಳಿಯಿತು. ಗೊಬ್ಬರ ಅಷ್ಟೇ ಇದೆ, ನೀರು ಅರ್ಧವಾಯಿತು. ಈಗ ಅದು 3,000. ನೀವೇನೂ ತಪ್ಪು ಮಾಡದೆ ರಾಶಿ ನಿಂತುಹೋಯಿತು. ಮಣ್ಣು ಹೆಪ್ಪುಗಟ್ಟುವಾಗಲೂ ಹೀಗೇ: ಮಂಜುಗಡ್ಡೆ ಉಪ್ಪನ್ನು ಹೊರದಬ್ಬುವುದರಿಂದ ಉಳಿದ ದ್ರವ ನೀರು ಗಾಢವಾಗುತ್ತದೆ. ಇಂಧನ ಇಳಿಯುತ್ತಿಲ್ಲವೆಂದು ಇನ್ನೊಂದು ಚೀಲ ಯೂರಿಯಾ ಸುರಿಯುವುದು ಎಲ್ಲರೂ ಮಾಡುವ ತಪ್ಪು. ಮೊದಲು ತೇವ ನೋಡಿ. ಒಂದು ಪಾಲು ಮಣ್ಣಿಗೆ ಐದು ಪಾಲು ನೀರು ಕಲಕಿ ವಿದ್ಯುತ್ ವಾಹಕತೆಯ ಮೀಟರ್ ಅದ್ದಿದರೆ ಉಪ್ಪು ಏರುತ್ತಿದೆಯೇ ಎಂದು ಐದು ನಿಮಿಷದಲ್ಲಿ ತಿಳಿಯುತ್ತದೆ.

ಗೊಬ್ಬರವನ್ನು ನೀರಲ್ಲಿ ಕರಗಿಸಿ, ರಾಶಿ ಹಾಕುವಾಗ ಪ್ರತಿ 30 ಸೆಂ.ಮೀ. ಪದರಕ್ಕೂ ಸಿಂಪಡಿಸಿ. ಕಟ್ಟಿ ಮುಗಿಸಿ ಮೇಲಿಂದ ಎರಚಿದ ಹರಳು ಮೇಲೆಯೇ ಉಳಿಯುತ್ತದೆ. ಹೊದಿಕೆ ಇರುವ ನಿಧಾನ ಗೊಬ್ಬರ ಒಳ್ಳೆಯದೇ, ಆದರೆ ಚೀಲದ ಮೇಲೆ ಬರೆದ ‘ಆರು ತಿಂಗಳು’ ಎಂಬುದು 20 ಡಿಗ್ರಿಯ ಆಸುಪಾಸಿನ ಮಣ್ಣಿಗೆ. ನಿಮ್ಮಲ್ಲಿ ಅದು ಬಹಳ ನಿಧಾನ. ಯೂರಿಯಾ ಒಡೆದಾಗ ಮಣ್ಣಿನ ಪಿಎಚ್ ಏರುತ್ತದೆ. 6ರಿಂದ 8ರೊಳಗೆ ಇರಬೇಕು, ಅಮೋನಿಯದ ಘಾಟು ಬಂದರೆ ಮೀರಿದೆ ಎಂದರ್ಥ. ಲಡಾಖ್‌ನ ಕ್ಷಾರ ಮಣ್ಣಿನಲ್ಲಿ ಇದು ಬೇಗ ಆಗುತ್ತದೆ, ಸುಣ್ಣ ಹೆಚ್ಚಿದ್ದರೆ ರಂಜಕವೂ ಸಿಕ್ಕಿಹಾಕಿಕೊಳ್ಳುತ್ತದೆ. ಅಲ್ಲಿ ಯೂರಿಯಾ ಬದಲು ಅಮೋನಿಯಂ ಸಲ್ಫೇಟ್ ಯೋಚಿಸಿ.

ರಾಶಿಯ ಎತ್ತರ ಒಂದರಿಂದ ಎರಡು ಮೀಟರ್. ಇನ್ನೂ ಎತ್ತರವಾದರೆ ನಡುಭಾಗ ಬೇಸಿಗೆ ಮುಗಿದರೂ ಕರಗದೆ ಉಳಿಯಬಹುದು. ತೀರಾ ತೆಳುವಾದರೆ ಬೇಗ ಒಣಗುತ್ತದೆ. ಮೇಲೆ ಕಪ್ಪು ಹೊದಿಕೆ ಹಾಸಿದರೆ ಬಿಸಿಲಿನ ಶಾಖವೂ ಉಳಿಯುತ್ತದೆ, ತೇವವೂ ಉಳಿಯುತ್ತದೆ. ಅಂಚಿಗೆ ಮರಳು ಚೀಲ, ಅಡ್ಡಡ್ಡ ಹಗ್ಗ. ಕೇಸಿಯಂಥ ಕಡೆ ಬೀಸುವ ಬಿರುಗಾಳಿಗೆ ಸಡಿಲ ಟಾರ್ಪಾಲು ಒಂದು ರಾತ್ರಿಯೂ ನಿಲ್ಲದು.

7. ಗಾಳಿ

ಒಂದು ಕಿಲೋ ಇಂಧನ ಪೂರ್ತಿ ಒಡೆಯಲು ಸುಮಾರು 3.5 ಕಿಲೋ ಆಮ್ಲಜನಕ ಬೇಕು. ಸೊನ್ನೆ ಡಿಗ್ರಿಯ ಒಂದು ಘನ ಮೀಟರ್ ಗಾಳಿಯಲ್ಲಿ 0.3 ಕಿಲೋ ಇರುತ್ತದೆ. ಮೇಲಿನ ರಾಶಿಯ 850 ಕಿಲೋಗೆ ಸುಮಾರು 10,000 ಘನ ಮೀಟರ್ ಗಾಳಿ. ಕೇಳಲು ಬಹಳವೆನಿಸಿದರೂ ಹಲವು ಬೇಸಿಗೆಗಳಿಗೆ ಹಂಚಿದರೆ ಕೊಳವೆಗಳಿಗೆ ಗಾಳಿ ಊದುವ ಸಣ್ಣ ಬ್ಲೋವರ್‌ಗೂ ಸುಲಭ. ಅದಕ್ಕೇ ದೊಡ್ಡ ಯಂತ್ರ ಹಗಲಿರುಳು ಓಡಿಸಬೇಡಿ. ಹೆಚ್ಚು ಗಾಳಿ ಮಣ್ಣನ್ನು ಒಣಗಿಸುತ್ತದೆ, ತಣ್ಣಗಾಗಿಸುತ್ತದೆ, ಎಣ್ಣೆಯನ್ನು ತಿನ್ನಿಸುವ ಬದಲು ಆಕಾಶಕ್ಕೆ ಹಾರಿಸುತ್ತದೆ. ಒಳಗಿನ ಗಾಳಿಯಲ್ಲಿ ಆಮ್ಲಜನಕ ಶೇ 5ಕ್ಕಿಂತ ಕೆಳಗೆ ಹೋಗದಂತೆ ನೋಡಿಕೊಂಡರೆ ಸಾಕು. ದಿನಕ್ಕೆ ಕೆಲವು ಗಂಟೆ ಟೈಮರ್ ಇಟ್ಟು ಓಡಿಸಿ. ಕೊಳವೆಯ ತಗ್ಗಿನಲ್ಲಿ ನೀರು ಹಿಡಿಯುವ ಡಬ್ಬಿ ಇರಲಿ. ಇಲ್ಲದಿದ್ದರೆ ಒಳಗೆ ಬೆವರಿದ ನೀರು ರಾತ್ರಿ ಹೆಪ್ಪುಗಟ್ಟಿ ಕೊಳವೆ ಕಟ್ಟಿಕೊಳ್ಳುತ್ತದೆ.

8. ನಿಗಾ

ರಾಶಿ ಉಸಿರಾಡುತ್ತಿದೆಯೇ ಎಂದು ತಿಳಿಯಲು ಬ್ಲೋವರ್ ನಿಲ್ಲಿಸಿ ಒಳಗಿನ ಆಮ್ಲಜನಕ ಎಷ್ಟು ಬೇಗ ಇಳಿಯುತ್ತದೆಂದು ಎರಡು ಮೂರು ದಿನ ಅಳೆಯಿರಿ. ಸಾಮಾನ್ಯ ಮರಳು ಮಣ್ಣಿಗೆ, ದಿನಕ್ಕೆ ಆಮ್ಲಜನಕ ಶೇ 20ರಿಂದ ಶೇ 19ಕ್ಕೆ ಇಳಿದಂತೆ ಒಂದು ಅಂಶ ಇಳಿದರೆ, ಕಿಲೋ ಮಣ್ಣಿನಲ್ಲಿ ಸುಮಾರು 0.8 ಮಿ.ಗ್ರಾಂ. ಇಂಧನ ತಿಂದಂತೆ. ದಿನಕ್ಕೆ ಐದು ಅಂಶ ಇಳಿಯುತ್ತಿದ್ದರೆ 80 ದಿನದ ಬೇಸಿಗೆಯಲ್ಲಿ 320 ಮಿ.ಗ್ರಾಂ. ಹಗುರ ಇಂಧನವಾದರೆ ಇದರ ಜೊತೆಗೆ ಆವಿಯಾಗಿ ಹೋಗುವುದೂ ಇದೆ. ಆದರೂ 5,000 ಮಿ.ಗ್ರಾಂ.ನಿಂದ ಶುರು ಮಾಡಿದವರು ಹಣ ಕೊಡುವವರಿಗೆ ‘ಎರಡು ಬೇಸಿಗೆ ಸಾಕು’ ಎಂದು ಮಾತು ಕೊಡಬಾರದು ಎಂದು ಈ ಲೆಕ್ಕವೇ ಹೇಳುತ್ತದೆ.

ಆವಿಯಾಗಿ ಹೋದದ್ದೆಷ್ಟು, ತಿಂದದ್ದೆಷ್ಟು ಎಂದು ಬೇರೆ ಮಾಡಲು ಒಂದು ಜಾಣ ದಾರಿ ಇದೆ. ಇಂಧನದಲ್ಲಿ ನೇರ ಸರಪಳಿಯ ಅಣುಗಳೂ ಕವಲೊಡೆದ ಅಣುಗಳೂ ಇರುತ್ತವೆ. ಒಂದೇ ಶಾಖಕ್ಕೆ ಕುದಿಯುವ ಒಂದು ಜೋಡಿಯನ್ನು ಆರಿಸಿಕೊಂಡರೆ ಎರಡೂ ಸಮನಾಗಿ ಆವಿಯಾಗುತ್ತವೆ, ಆದರೆ ಬ್ಯಾಕ್ಟೀರಿಯಾಕ್ಕೆ ನೇರದ್ದೇ ಮೊದಲ ತುತ್ತು. ಡೀಸೆಲ್‌ಗೆ ರೂಢಿಯ ಜೋಡಿ ಹೆಪ್ಟಾಡೆಕೇನ್ (ನೇರದ್ದು) ಮತ್ತು ಪ್ರಿಸ್ಟೇನ್ (ಕವಲಿನದು). ಎರಡನೆಯದಕ್ಕೆ ಹೋಲಿಸಿದ ಮೊದಲನೆಯದರ ಅನುಪಾತ ಇಳಿಯುತ್ತಿದ್ದರೆ ಜೀವಿಗಳು ಕೆಲಸದಲ್ಲಿವೆ. ಒಟ್ಟು ಇಂಧನ ಇಳಿದು ಅನುಪಾತ ಹಾಗೇ ಇದ್ದರೆ ನಿಮ್ಮ ಡೀಸೆಲ್ ಗಾಳಿಗೆ ಹೋಗಿದೆ. ಅಂಟಾರ್ಕ್ಟಿಕಾದ ತೀರಾ ಹಗುರ ಡೀಸೆಲ್‌ನಲ್ಲಿ ಈ ಜೋಡಿ ಸಾಕಷ್ಟು ಇರುವುದಿಲ್ಲ, ಅದಕ್ಕಿಂತ ಚಿಕ್ಕ ಅಣುಗಳ ಜೋಡಿ ಅಳೆಯಿರೆಂದು ಪ್ರಯೋಗಾಲಯಕ್ಕೆ ಮೊದಲೇ ಹೇಳಿ.

ತೇವ ವಾರಕ್ಕೊಮ್ಮೆ, ಮಣ್ಣಿನ ಶಾಖ ದಾಖಲಿಸುವ ಸಣ್ಣ ಯಂತ್ರ ಮೂರು ಆಳದಲ್ಲಿ, ಇಂಧನದ ಮಾದರಿ ಬೇಸಿಗೆಯ ಮೊದಲು ಮತ್ತು ಕೊನೆಗೆ. ಬಸಿನೀರನ್ನು ಸಕ್ರಿಯ ಇಂಗಾಲದ ಡ್ರಮ್ಮಿನಲ್ಲಿ ಸೋಸಿ ರಾಶಿಗೇ ವಾಪಸು ಚಿಮುಕಿಸಬಹುದು, ಆದರೆ ಅದರಲ್ಲಿ ಕರಗಿದ ಗೊಬ್ಬರವೂ ಇರುವುದನ್ನು ಲೆಕ್ಕಕ್ಕೆ ಸೇರಿಸಿ.

9. ಚಳಿಗಾಲಕ್ಕೆ ಮುಚ್ಚುವುದು

ನೆಲ ಗಟ್ಟಿಯಾಗುವ ಎರಡು ವಾರ ಮೊದಲು ಬಸಿಗುಂಡಿ ಖಾಲಿ ಮಾಡಿ, ಕೊಳವೆಗಳ ನೀರು ಹೊರಬಿಟ್ಟು, ಬಾಯಿಗೆ ಮುಚ್ಚಳ ಹಾಕಿ, ಬ್ಲೋವರ್ ಕಳಚಿ ಒಳಗಿಡಿ. ಹೊದಿಕೆಯ ಹಗ್ಗ ಮತ್ತೆ ಬಿಗಿಯಿರಿ. ವಸಂತದಲ್ಲಿ ಮೊದಲ ಕೆಲಸ ರಾಶಿಯ ಮೇಲಿನ ಹಿಮ ಸರಿಸುವುದು. ಹಾಗೇ ಬಿಟ್ಟರೆ ಕರಗುವುದು ತಡವಾಗಿ ನಿಮ್ಮ 80 ದಿನಗಳಲ್ಲಿ ಹತ್ತು ದಿನ ಹೋಯಿತು. ಬದು ಕೂಡ ಹಿಮದಡಿ ಕುಸಿದಿರುತ್ತದೆ, ಕರಗುನೀರು ಬರುವ ಮೊದಲೇ ಕಟ್ಟಿ.

10. ಮುಗಿಸುವುದು

ಗುರಿ ಮುಟ್ಟಿತೆಂದು ಹೇಳಲು ಒಂದು ಸಲದ ಅಂಕಿ ಸಾಲದು. ರಾಶಿಯನ್ನು ಭಾಗಗಳಾಗಿ ವಿಂಗಡಿಸಿ, ಮೇಲೆ, ನಡು, ತಳ ಮೂರರಿಂದಲೂ ತೆಗೆದು ನೋಡಿ. ಕೊಳವೆಗಳ ನಡುವಿನ ಮೂಲೆಗಳಲ್ಲಿ ಯಾವಾಗಲೂ ಹಿಂದುಳಿದ ಮಣ್ಣು ಇರುತ್ತದೆ, ಅದನ್ನು ಹುಡುಕಿಯೇ ತೆಗೆಯಿರಿ. ಎಣ್ಣೆ ಇಳಿದಿದ್ದರೂ ಸಾರಜನಕ ಹೆಚ್ಚು ಉಳಿದಿದ್ದರೆ ಮಣ್ಣು ವಾಪಸು ಹಾಕಲು ಯೋಗ್ಯವಲ್ಲ. ಪಾಚಿ, ಕಲ್ಲುಹೂವು ಬಡ ಮಣ್ಣಿಗೆ ಒಗ್ಗಿದವು.

ಅಗೆದ ಗುಂಡಿಯ ತಳದಲ್ಲಿ ಉಳಿದ ಹೆಪ್ಪುನೆಲದ ಮಾದರಿಯನ್ನು ತೆಗೆಯದೆ ಮುಚ್ಚಬೇಡಿ. ಕೆಳಗೆ ಇನ್ನೂ ಎಣ್ಣೆ ಇದ್ದರೆ ಎರಡು ಬೇಸಿಗೆಯಲ್ಲಿ ಅದು ಶುದ್ಧ ಮಣ್ಣಿಗೆ ಏರುತ್ತದೆ. ಹಾಳೆ, ಚಾಪೆ, ಕೊಳವೆ, ಹೀರುದಿಂಬು ಎಲ್ಲವನ್ನೂ ತಂದ ಹಡಗಿನಲ್ಲೇ ವಾಪಸು ಕಳುಹಿಸಬೇಕು, ಬರುವಾಗಲೇ ಅದಕ್ಕೆ ಖಾಲಿ ಡ್ರಮ್ಮು, ಕಂಟೇನರ್ ಜಾಗ ಕಾದಿರಿಸಿ. ಮುಚ್ಚಿದ ಮರು ಬೇಸಿಗೆ, ಹಿಮ ಕರಗುವ ಮೊದಲ ವಾರದಲ್ಲಿ, ಗುಂಡಿಯ ತಗ್ಗಿನ ಕಡೆ ಒಸರುವ ನೀರನ್ನು ಒಂದು ಬಾಟಲಿ ಹಿಡಿದು ಪರೀಕ್ಷೆಗೆ ಕಳುಹಿಸಿ.